ಮದ್ದು ಸೊಪ್ಪಿನ ನೀರಿಗೆ ಸಿಕ್ಕಿಬಿದ್ದ ಸೋರಿಕೆ

ನಮ್ಮ ಕಡೆ ಜುಲೈನಲ್ಲಿ ಮನೆಯೊಳಗಿನ ಸಣ್ಣಪುಟ್ಟ ಸದ್ದು ಯಾವುದೂ ಕೇಳುವುದಿಲ್ಲ. ಹೆಂಚಿನ ಮೇಲೆ ಮಳೆ ಬಡಿಯುತ್ತಲೇ ಇರುತ್ತದೆ. ಹಾಗಾಗಿ ಅತಿಥಿ ಕೋಣೆಯ ಕಮೋಡ್ ಎಷ್ಟು ದಿನದಿಂದ ಸೋರುತ್ತಿತ್ತೋ ಗೊತ್ತಿಲ್ಲ. ಒಂದು ರಾತ್ರಿ ಹತ್ತು ನಿಮಿಷ ಹೊಳವಾಯಿತು. ಆಗ ಗೋಡೆಯಾಚೆ ಸುಸ್ಸ್ ಅಂತ ಕೇಳಿಸಿತು. ಹಾವು ಇರಬೇಕು ಅಂದುಕೊಂಡು ಟಾರ್ಚ್ ಹಿಡಿದು ಹೋದೆ. ನೋಡಿದರೆ ಫ್ಲಶ್ ಟ್ಯಾಂಕ್ ತನ್ನಷ್ಟಕ್ಕೆ ತಾನು ನೀರು ತುಂಬಿಕೊಳ್ಳುತ್ತಿದೆ. ಆ ಕೋಣೆಯಲ್ಲಿ ಒಂದು ವಾರದಿಂದ ಯಾರೂ ಇರಲಿಲ್ಲ.

ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ತೋಟದ ಮನೆ. ಎರಡು ಕೋಣೆ ಹೋಂಸ್ಟೇಗೆ ಬಿಟ್ಟಿದ್ದೇವೆ. ಬಾವಿ ನೀರು, ಮೋಟಾರು, ಮೇಲೆ ಸಾವಿರ ಲೀಟರ್ ಟ್ಯಾಂಕ್. ಮರ ಬಿದ್ದು ಲೈನ್ ಹೋಯಿತೆಂದರೆ ಎರಡು ಮೂರು ದಿನ ಕರೆಂಟಿಲ್ಲ. ಹೊರಗೆ ಧೋ ಅಂತ ಮಳೆ, ನಲ್ಲಿಯಲ್ಲಿ ಮಾತ್ರ ಒಂದು ತೊಟ್ಟು ಇಲ್ಲ. ಅಂಥ ದಿನಗಳಲ್ಲಿ ಸೋರುವ ಕಮೋಡ್ ಮನೆಯಲ್ಲಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಹಿಂದಿನ ವರ್ಷವೂ ಇದೇ ಕಮೋಡ್ ಸೋರಿತ್ತು. ಆಗ ಬಂದಿದ್ದ ಪ್ಲಂಬರ್ ಮುಚ್ಚಳ ತೆಗೆದು ನೋಡಿ, 'ಒಳಗಿನ ಸೆಟ್ಟೇ ಹೋಗಿದೆ ಅಮ್ಮ' ಅಂದರು. ಪೂರ್ತಿ ಹೊಸ ಸೆಟ್ ಹಾಕಿದರು, ದುಡ್ಡು ತೆಗೆದುಕೊಂಡರು. ಸ್ವಲ್ಪ ಕಾಲ ಚೆನ್ನಾಗಿತ್ತು. ಈ ಸಲ ಫೋನ್ ಮಾಡಿದರೆ 'ಮಳೆ ಕಮ್ಮಿ ಆಗಲಿ, ಬರ್ತೀನಿ' ಅಂದರು. ಕೊಡಗಿನಲ್ಲಿ ಮಳೆ ಕಮ್ಮಿ ಆಗುವುದು ಅಂದರೆ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಸೆಪ್ಟೆಂಬರಿಗೆ. ಅಲ್ಲಿಯವರೆಗೆ ಕಾಯುವುದು ಹೇಗೆ? ನಾನೇ ಮುಚ್ಚಳ ತೆಗೆದೆ.

ಒಳಗೆ ಇರುವುದು ಎರಡೇ ಯಂತ್ರ. ಪಕ್ಕದಲ್ಲಿ ನೀರು ಒಳಗೆ ಬಿಡುವ ವಾಲ್ವ್, ಅದಕ್ಕೊಂದು ಫ್ಲೋಟ್. ನಡುವೆ ನೀರು ಹೊರಗೆ ಬಿಡುವ ವಾಲ್ವ್, ಅದರ ಜೊತೆಗೇ ಹೆಚ್ಚಾದ ನೀರು ಇಳಿದುಹೋಗುವ ಕೊಳವೆ. ಟ್ಯಾಂಕಿನಿಂದ ಕಮೋಡಿಗೆ ನೀರು ಸುಮ್ನೆ ಹೋಗುತ್ತಿದೆ ಅಂದರೆ ದಾರಿ ಎರಡೇ: ಒಂದೋ ನೀರು ಜಾಸ್ತಿ ತುಂಬಿ ಕೊಳವೆಯ ಬಾಯಿಂದ ಇಳಿಯಬೇಕು, ಇಲ್ಲವೇ ತಳದ ರಬ್ಬರ್ ಸೀಲ್ ಸರಿಯಾಗಿ ಕೂರದೆ ಅಲ್ಲಿಂದ ಜಾರಬೇಕು. ಯಾವುದು ಅಂತ ತಿಳಿಯದೆ ಸೆಟ್ ಬದಲಾಯಿಸುವುದು, ಜ್ವರ ನೋಡದೆ ಇಂಜೆಕ್ಷನ್ ಕೊಟ್ಟ ಹಾಗೆ.

ನಾನು ಮಾಡಿದ್ದು ಇಷ್ಟು. ಟ್ಯಾಂಕ್ ತುಂಬಿದ ಮೇಲೆ ಗೋಡೆಯ ಆಂಗಲ್ ಕಾಕ್ ತಿರುಗಿಸಿ ನೀರು ನಿಲ್ಲಿಸಿದೆ. ನೀರಿನ ಮಟ್ಟಕ್ಕೆ ಟ್ಯಾಂಕಿನ ಒಳಗೋಡೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ. ನೀರು ಕೊಳವೆಯ ಬಾಯಿಗಿಂತ ಒಂದು ಇಂಚು ಕೆಳಗೇ ಇತ್ತು, ಅಂದರೆ ಮೇಲಿಂದ ಹೋಗುತ್ತಿಲ್ಲ. ಇನ್ನು ತಳದ ಪರೀಕ್ಷೆ. ಅದಕ್ಕೆ ನೀರಿಗೆ ಬಣ್ಣ ಹಾಕಬೇಕು. ಮನೆಯಲ್ಲಿ ಅಡುಗೆ ಬಣ್ಣ ಇರಲಿಲ್ಲ.

ಅವತ್ತು ಆಗಸ್ಟ್ 3, ನಮ್ಮ ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ. ಒಲೆಯ ಮೇಲೆ ಮದ್ದು ಸೊಪ್ಪು ಕುದಿಯುತ್ತಿತ್ತು. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಆದರೂ ಹೊರಗಿನವರಿಗಾಗಿ: ಅವತ್ತು ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಇರುತ್ತದೆ ಅಂತ ನಂಬಿಕೆ. ಕುದಿಸಿದರೆ ನೀರು ಕಡು ನೇರಳೆ. ಅದರಲ್ಲೇ ಪಾಯಸ, ಪುಟ್ಟು ಮಾಡುತ್ತೇವೆ. ತಿಂದವರ ಮೂತ್ರವೂ ಕೆಂಪಗಾಗುತ್ತದೆ. ಒಂದು ವರ್ಷ ಬೆಂಗಳೂರಿನಿಂದ ಬಂದಿದ್ದವರೊಬ್ಬರು ಬೆಳಗ್ಗೆ ಬಾತ್‌ರೂಮಿನಿಂದ ಬೆಳ್ಳಗಾಗಿ ಹೊರಗೆ ಬಂದು, 'ಆಂಟಿ, ಹತ್ತಿರ ಆಸ್ಪತ್ರೆ ಎಲ್ಲಿದೆ?' ಅಂದಿದ್ದರು. ಅಂದಿನಿಂದ ಪಾಯಸ ಬಡಿಸುವಾಗಲೇ ಹೇಳಿಬಿಡುತ್ತೇನೆ.

ಆ ಬಣ್ಣವೇ ನೆನಪಾಯಿತು. ಒಂದು ಲೋಟ ಸೊಪ್ಪಿನ ನೀರು ಸೋಸಿ ಫ್ಲಶ್ ಟ್ಯಾಂಕಿಗೆ ಸುರಿದೆ. 'ದೇವರ ಮದ್ದನ್ನು ಅಲ್ಲಿಗೆ ಹಾಕ್ತೀಯಾ?' ಅಂತ ಅತ್ತೆ ಬಾಗಿಲಲ್ಲೇ ನಿಂತು ಬೈದರು. ಫ್ಲಶ್ ಒತ್ತದೆ ಕಾಲು ಗಂಟೆ ಕಾದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಮೋಡಿನ ಹಿಂಗೋಡೆಯಲ್ಲಿ, ಅಂಚಿನ ಕೆಳಗಿನಿಂದ, ಒಂದು ನೇರಳೆ ಎಳೆ ದಾರದ ಹಾಗೆ ಇಳಿದು ಬಂತು. ತಳದ ನೀರಿಗೆ ಸೇರಿ ಹೊಗೆಯಂತೆ ಹರಡಿತು. ಅಷ್ಟು ಹೊತ್ತು ಬೈಯುತ್ತಿದ್ದ ಅತ್ತೆಯೂ ಬಗ್ಗಿ ನೋಡಿದರು.

ಪೆನ್ಸಿಲ್ ಗೆರೆಯ ಲೆಕ್ಕವನ್ನೂ ಹಾಕಿದೆ. ನಮ್ಮ ಟ್ಯಾಂಕಿನ ಒಳಗಿನ ಉದ್ದ ಸುಮಾರು 35 ಸೆಂಟಿಮೀಟರ್, ಅಗಲ 15. ಅಲ್ಲಿಗೆ ನೀರು ಒಂದು ಸೆಂಟಿಮೀಟರ್ ಇಳಿದರೆ ಅರ್ಧ ಲೀಟರ್ ಹೋದ ಹಾಗೆ. ನಮ್ಮಲ್ಲಿ ಹತ್ತು ನಿಮಿಷಕ್ಕೆ ಒಂದು ಸೆಂಟಿಮೀಟರ್ ಇಳಿದಿತ್ತು. ಗಂಟೆಗೆ 3 ಲೀಟರ್, ದಿನಕ್ಕೆ 72. ಕರೆಂಟಿಲ್ಲದ ಮೂರು ದಿನಕ್ಕೆ ಇನ್ನೂರು ಲೀಟರಿಗೂ ಜಾಸ್ತಿ, ದಾರದಷ್ಟು ದಪ್ಪದ ಧಾರೆಯಲ್ಲಿ.

ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿದೆ. ನಡುವಿನ ವಾಲ್ವ್ ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಹಾಗೇ ಕೈಗೆ ಬಂತು. ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ. ತಳದಲ್ಲಿ ಬಳೆಯಂಥ ತೆಳು ರಬ್ಬರ್ ಸೀಲ್. ಅದು ಹರಿದಿರಲಿಲ್ಲ. ಅದರ ಮೇಲೆ ಕೆಂಪು ಮಣ್ಣಿನ ಲೋಳೆ ಕೂತಿತ್ತು, ಬೆರಳಿಗೆ ಜಾರುವಷ್ಟು. ಮಳೆಗಾಲದಲ್ಲಿ ನಮ್ಮ ಬಾವಿ ನೀರು ಕೆಂಪಗಾಗುತ್ತದೆ, ಆ ಮಣ್ಣೆಲ್ಲ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಹೊಸ ಸೆಟ್ ಹಾಕಿದ್ದರೂ ಮತ್ತೆ ಸೋರಿದ್ದು ಇದಕ್ಕೇ. ಪ್ಲಂಬರ್ ಸೆಟ್ ಬದಲಾಯಿಸಿದ್ದರು, ಮಣ್ಣನ್ನು ಹಾಗೇ ಬಿಟ್ಟಿದ್ದರು.

ಸೀಲನ್ನು ಹಳೇ ಹತ್ತಿ ಬಟ್ಟೆಯಿಂದ ಒರೆಸಿ, ತಿರುಗಿಸಿ ಹಾಕಿದೆ. ಸವೆಯದ ಮುಖ ಕೆಳಗೆ ಬರಲಿ ಅಂತ. ಸೀಲ್ ಕೂರುವ ಪ್ಲಾಸ್ಟಿಕ್ ಅಂಚನ್ನು ಬೆರಳಿನಿಂದ ಸುತ್ತ ಸವರಿ ನೋಡಿದೆ, ಒಂದು ಮರಳಿನ ಕಣ ಸಿಕ್ಕಿತು. ತಳದ ಮಣ್ಣನ್ನು ಸ್ಪಂಜಿನಿಂದ ಬಾಚಿ ತೆಗೆದೆ. ವಾಲ್ವ್ ಕೂರಿಸಿ ಬಲಕ್ಕೆ ತಿರುಗಿಸಿದಾಗ ಟಕ್ ಅಂದಿತು. ಮತ್ತೆ ಸೊಪ್ಪಿನ ನೀರು, ಮತ್ತೆ ಕಾಲು ಗಂಟೆ. ಕಮೋಡಿನ ನೀರು ಬೆಳ್ಳಗೇ ಇತ್ತು. ಖರ್ಚು ಸೊನ್ನೆ. ಆ ಸೀಲ್ ಇನ್ನೂ ಒಂದು ವರ್ಷ ನಡೆಯಿತು. ಆಮೇಲೆ ಹಳೆಯದನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಅಂಗಡಿಗೆ ಒಯ್ದು ಅದೇ ಅಳತೆಯದು ತಂದೆ. ಬಾಯಲ್ಲಿ ಅಳತೆ ಹೇಳಿದರೆ ಎರಡು ಸಲ ಮಡಿಕೇರಿಗೆ ಓಡಬೇಕಾಗುತ್ತದೆ.

ಇನ್ನೊಂದು ಕೋಣೆಯದು ಬೇರೆ ಕಥೆ. ಅಲ್ಲಿ ಟ್ಯಾಂಕ್ ತುಂಬಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಆಂಗಲ್ ಕಾಕ್ ಮುಚ್ಚಿ ಕನೆಕ್ಷನ್ ಪೈಪ್ ಬಿಚ್ಚಿದೆ. ನೀರು ಒಳಗೆ ಬಿಡುವ ವಾಲ್ವಿನ ಬಾಯಿಯಲ್ಲಿ ಪುಟ್ಟ ಜಾಲರಿ ಇರುತ್ತದೆ. ಅದರ ತುಂಬ ಅದೇ ಮಣ್ಣು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಮುಗಿಯಿತು. ಮತ್ತೆ ಹಾಕುವಾಗ ಕೈಯಿಂದ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಲ್ಲಿ ಒಂದು ಚೂರು, ಅಷ್ಟೇ ಸಾಕು. ಪ್ಲಾಸ್ಟಿಕ್ ನಟ್ಟನ್ನು ಜೋರಾಗಿ ತಿರುಗಿಸಿದರೆ ಸೀಳುತ್ತದೆ. ನಾನು ಒಂದನ್ನು ಸೀಳಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಟ್ಯಾಂಕಿನ ಹೊರಮೈ ಒದ್ದೆಯಾಗಿ ನೆಲಕ್ಕೆ ತೊಟ್ಟಿಕ್ಕಿದರೆ ಮಳೆಗಾಲದಲ್ಲಿ ತಕ್ಷಣ ಗಾಬರಿಯಾಗಬೇಡಿ. ತಣ್ಣನೆಯ ನೀರು ತುಂಬಿದ ಟ್ಯಾಂಕ್, ತೇವದ ಗಾಳಿಯಲ್ಲಿ ಬೆವರುತ್ತದೆ. ಪೂರ್ತಿ ಒರೆಸಿ, ನಟ್ಟುಗಳ ಕೆಳಗೆ ಟಿಶ್ಯೂ ಒತ್ತಿ ನೋಡಿ. ಅಲ್ಲಿ ಮಾತ್ರ ಒದ್ದೆಯಾದರೆ ಸೋರಿಕೆ, ಮೈಯೆಲ್ಲ ಮಂಜಾದರೆ ಬೆವರು.

ಕಮೋಡ್ ಕಟ್ಟಿಕೊಳ್ಳುವುದು ಹೋಂಸ್ಟೇಯವರ ಹಣೆಬರಹ. ಒಂದು ಕುಟುಂಬ ಹೋದ ಮೇಲೆ ಕಮೋಡ್ ತುಂಬಿ ನಿಂತಿತ್ತು. ಇಂಥ ಹೊತ್ತಲ್ಲಿ ಮತ್ತೆ ಫ್ಲಶ್ ಒತ್ತಬಾರದು, ನೆಲಕ್ಕೆ ಬರುತ್ತದೆ. ಅರ್ಧ ಗಂಟೆ ಬಿಟ್ಟೆ, ನೀರು ಸ್ವಲ್ಪ ಇಳಿಯಿತು. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿ, ಸೊಂಟದ ಎತ್ತರದಿಂದ ಒಮ್ಮೆಲೇ ಸುರಿದೆ. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಡುತ್ತದೆ. ಆಗಲಿಲ್ಲ. ಪ್ಲಂಜರ್ ತಂದು, ರಬ್ಬರ್ ಪೂರ್ತಿ ನೀರಿನೊಳಗೆ ಮುಳುಗುವಂತೆ ಇಟ್ಟು, ಒತ್ತುವುದಕ್ಕಿಂತ ಎಳೆಯುವುದಕ್ಕೆ ಜೋರು ಕೊಟ್ಟೆ. ಹದಿನೈದನೇ ಸಲಕ್ಕೆ ಮಗುವಿನ ಒದ್ದೆ ವೈಪ್ಸ್ ಒಂದು ತುದಿ ತೋರಿಸಿತು. ಗ್ಲೌಸ್ ಹಾಕಿ ಎಳೆದರೆ ಒಂದರ ಹಿಂದೆ ಒಂದು, ಏಳು. ಆಸಿಡ್ ಸುರಿಯೋಣ ಅಂದಿದ್ದರು ನಮ್ಮವರು. ನಾನು ಅವತ್ತು ಬೆಳಗ್ಗೆ ತಾನೇ ಬ್ಲೀಚಿಂಗ್ ಪೌಡರ್ ಹಾಕಿದ್ದೆ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಆ ಕಿರಿದಾದ ಬಾತ್‌ರೂಮಿನಲ್ಲಿ ಉಸಿರು ಕಟ್ಟುತ್ತಿತ್ತು.

ನನ್ನ ಕೈಲಿ ಆಗದಿದ್ದದ್ದೂ ಒಂದಿದೆ. ಒಂದು ಆಗಸ್ಟಿನಲ್ಲಿ ಎರಡೂ ಕೋಣೆಯ ಕಮೋಡ್ ಒಟ್ಟಿಗೆ ನಿಧಾನವಾದವು, ಸ್ನಾನದ ಮೂಲೆಯ ಜಾಲರಿಯಲ್ಲಿ ಗುಳುಗುಳು ಸದ್ದು. ಒಂದೇ ಕೆಟ್ಟರೆ ಅದರೊಳಗೆ ಹುಡುಕಬೇಕು. ಎಲ್ಲವೂ ಒಟ್ಟಿಗೆ ಕೆಟ್ಟರೆ ಹೊರಗೆ ಹೋಗಬೇಕು. ಹೊರಗೆ ನೋಡಿದರೆ ಸೆಪ್ಟಿಕ್ ಟ್ಯಾಂಕಿನ ನೀರು ಮಣ್ಣಿಗೆ ಇಳಿಯುವ ಇಂಗುಗುಂಡಿಯ ಸುತ್ತ ನೆಲವೇ ನೀರು ಕುಡಿದು ತುಂಬಿಹೋಗಿತ್ತು, ಇನ್ನು ಒಂದು ಹನಿಯೂ ಒಳಗೆ ಹೋಗದು. ಅದರ ಮೇಲೆ ನಮ್ಮ ಮಾಡಿನ ನೀರು ಇಳಿಯುವ ಪೈಪಿನ ಬಾಯಿ ಸರಿಯಾಗಿ ಗುಂಡಿಯ ಪಕ್ಕಕ್ಕೇ ಇತ್ತು. ಮನೆ ಕಟ್ಟಿದಾಗಿನಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹತ್ತು ಅಡಿ ಪೈಪ್ ಜೋಡಿಸಿ ಆ ನೀರನ್ನು ಚರಂಡಿಗೆ ಬಿಟ್ಟೆವು. ನಾಲ್ಕು ದಿನಕ್ಕೆ ಫ್ಲಶ್ ಸ್ವಲ್ಪ ಸರಾಗವಾಯಿತು.

ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು, ನಾವು ಎಂಟು ವರ್ಷ ಬಿಟ್ಟಿದ್ದೆವು. 'ಲೈನ್ ಮನೆಯ ಹುಡುಗರನ್ನು ಇಳಿಸಿದರೆ ಆಯ್ತು' ಅಂತ ಪಕ್ಕದ ತೋಟದವರು ಹೇಳಿದರು. ಲೈನ್ ಮನೆ ಅಂದರೆ ತೋಟದ ಕೂಲಿಯವರು ಇರುವ ಸಾಲುಮನೆ. ಆ ಮಾತನ್ನು ಅಲ್ಲೇ ನಿಲ್ಲಿಸಿದೆ. ಒಳಗಿನ ಗಾಳಿ ನಿಮಿಷದಲ್ಲಿ ಪ್ರಾಣ ತೆಗೆಯುತ್ತದೆ, ಸುರಕ್ಷತಾ ಸಾಧನವಿಲ್ಲದೆ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನಿನ ಪ್ರಕಾರ ಅಪರಾಧವೂ ಹೌದು. ಮುಚ್ಚಳ ತೆರೆದು ಬಗ್ಗಿ ನೋಡುವುದೂ ಬೇಡ.

ಹೀರುವ ಲಾರಿ ನಮ್ಮ ಇಳಿಜಾರು ರಸ್ತೆಗೆ ಮಳೆಯಲ್ಲಿ ಬರುವುದಿಲ್ಲ. ಕಾಫಿ ಕುಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಬಂತು. ಅರ್ಧ ಗಂಟೆ ಎಳೆದ ಮೇಲೆ ಪೈಪ್ ಎರಡು ಸಲ ಕಟ್ಟಿಕೊಂಡಿತು. ಚಾಲಕ ಕೋಲಿನ ತುದಿಯಲ್ಲಿ ಒಂದು ಬಿಳಿ ಮುದ್ದೆ ಎತ್ತಿ ತೋರಿಸಿ, 'ಏನಮ್ಮ, ಇಷ್ಟೊಂದು ಬಟ್ಟೆ ಯಾಕೆ ಹಾಕಿದ್ದೀರಿ?' ಅಂದರು. ನೋಡಿದರೆ ಎಲ್ಲ ವೈಪ್ಸು.