ಕರೆಂಟಿಲ್ಲದ ತೋಟದಲ್ಲಿ ಶಾಫ್ಟ್ ಕತ್ತರಿಸಿದ್ದು

ಅಡಿಕೆ ಸಾಗಿಸುವ ಕೈಗಾಡಿಗೆ ಹೊಸ ಅಚ್ಚು ಹಾಕಿಸಿದೆ. 20 ಮಿ.ಮೀ. ಶಾಫ್ಟು. ಎರಡೂ ಕಡೆ ಒಂದೂವರೆ ಇಂಚು ಜಾಸ್ತಿ ಹೊರಗೆ ಬಂದು ದಣಪೆಗೆ (ಬೇಲಿಯ ಗೇಟಿಗೆ) ತಾಗುತ್ತಿತ್ತು. ಕಬ್ಬಿಣ ಕತ್ತರಿಸುವ ಗ್ರೈಂಡರ್ ಇದೆ, ಆದರೆ ತೋಟದಲ್ಲಿ ಕರೆಂಟಿಲ್ಲ.

ಬ್ಯಾಟರಿ ಡ್ರಿಲ್ಲಿನ ಚಕ್ಕಿಗೆ (ಬಿಟ್ ಹಿಡಿಯುವ ಬಾಯಿಗೆ) ಸಿಕ್ಕಿಸುವ ಗರಗಸದ ಅಟ್ಯಾಚ್‌ಮೆಂಟ್ ಇತ್ತು. ಡ್ರಿಲ್ ತಿರುಗಿದರೆ ಇದರ ಬ್ಲೇಡು ಹಿಂದೆ ಮುಂದೆ ಓಡುತ್ತದೆ. ಅದರ ಜೊತೆ ಬಂದಿದ್ದ ಮರದ ಬ್ಲೇಡನ್ನೇ ಹಾಕಿದೆ, ದಡ್ಡತನ. ಅರ್ಧ ನಿಮಿಷಕ್ಕೆ ಹಲ್ಲೆಲ್ಲ ಮಾಯ.

ಮರುದಿನ ಕಬ್ಬಿಣ ಕತ್ತರಿಸುವ, ಇಂಚಿಗೆ 18 ಹಲ್ಲಿನ ಬೈಮೆಟಲ್ (ಎರಡು ಲೋಹ ಸೇರಿಸಿ ಮಾಡಿದ) ಬ್ಲೇಡು ತಂದೆ. ಆದರೂ ಗಡಗಡ ನಡುಕ. ಬ್ಲೇಡಿನ ಬುಡದಲ್ಲಿರುವ ತಗಡಿನ ಪಾದವನ್ನು ಶಾಫ್ಟಿಗೆ ಒತ್ತಿ ಹಿಡಿದ ಮೇಲೆ ನಡುಕ ನಿಂತಿತು. ಅದೇ ಗುಟ್ಟು. ಸ್ಪೀಡ್ ಕಮ್ಮಿ ಮಾಡಿ, ಆಗಾಗ ಎರಡು ಹನಿ ಎಣ್ಣೆ ಬಿಟ್ಟೆ. ಜೋರಾಗಿ ಓಡಿಸಿದರೆ ಬ್ಲೇಡು ಕಾದು ಮೊಂಡಾಗುತ್ತದೆ, ಅಷ್ಟೆ. ಕಪ್ಪು ಎಣ್ಣೆಯಲ್ಲಿ ಬೆಳ್ಳಿ ಬಣ್ಣದ ಪುಡಿ ಸುರಿಯಲು ಶುರುವಾದಾಗ ನಿಜಕ್ಕೂ ಕತ್ತರಿಸುತ್ತಿದೆ ಅಂತ ಗೊತ್ತಾಯಿತು. ಕನ್ನಡಕ ಹಾಕಿದ್ದೆ.

ಕಡೆಯಲ್ಲಿ ತುಂಡು ಬೀಳುವಾಗ ಬ್ಲೇಡು ಕಚ್ಚಿಕೊಳ್ಳುತ್ತದೆ. ಇನ್ನೊಂದು ಕೈಯಲ್ಲಿ ಹಿಡಿಯಲು ಹೋಗಬೇಡಿ, ಸುಮ್ನೆ ಬೀಳಲು ಬಿಡಿ. ಬಿಸಿಯೂ ಇರುತ್ತದೆ. ಅಂಚನ್ನು ಅರದಿಂದ ಉಜ್ಜಿದೆ. ಎರಡನೇ ತುದಿ ಮುಗಿಯುವಷ್ಟರಲ್ಲಿ ಬ್ಯಾಟರಿಯಲ್ಲಿ ಚಾರ್ಜ್ ತೋರಿಸುವ ಒಂದೇ ದೀಪ ಉಳಿದಿತ್ತು.