ಹಳೇ ಗೋದಾಮಿನ ಲಾಫ್ಟ್ ಮನೆ: ದುರಸ್ತಿಯಿಂದ ಮಾರಾಟದವರೆಗೆ

ಹಳೇ ಗೋದಾಮು, ಕಾರ್ಖಾನೆಗಳ ಅಂತಸ್ತನ್ನು ವಾಸಕ್ಕೆ ಬದಲಿಸಿದ ಮನೆಯೇ ಲಾಫ್ಟ್ ಮನೆ. ಅದನ್ನು ನೋಡಲು ಬಂದವರ ಕಣ್ಣು ಮೊದಲು ಎತ್ತರದ ಚಾವಣಿಗೆ ಹೋಗುತ್ತದೆ, ಆಮೇಲೆ ದೊಡ್ಡ ಕಿಟಕಿಗಳಿಗೆ, ಆಮೇಲೆ ಗಿಲಾವಿಲ್ಲದೆ ಬಿಟ್ಟ ಇಟ್ಟಿಗೆ ಗೋಡೆಗೆ. ಎಲ್ಲವೂ ಇಷ್ಟವಾಗುತ್ತದೆ. ಆದರೆ ಮುಂಗಡದ ಮಾತು ಬಂದ ಕೂಡಲೇ ಹಿಂದೆಮುಂದೆ ನೋಡತೊಡಗುತ್ತಾರೆ. ಅವರ ಅಳುಕೆಲ್ಲ ಕಣ್ಣಿಗೆ ಬೀಳದ ಸಂಗತಿಗಳದ್ದು. ಗೋಡೆಯೊಳಗೆ ತೇವ ಕೂತಿದೆಯೇ? ತೊಲೆ ಗಟ್ಟಿಯಾಗಿದೆಯೇ? ನಾವು ಓಡಾಡಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆಯೇ? ಇಲ್ಲಿ ವಾಸ ಮಾಡಲು ಅನುಮತಿ ಇದೆಯೇ? ಹಳೇ ಪೇಟೆಯೊಂದರಲ್ಲಿ ಗೋದಾಮಿನ ಮೇಲಂತಸ್ತನ್ನು ಕೊಂಡು, ದುರಸ್ತಿ ಮಾಡಿಸಿ ಮಾರಿದವನು ನಾನು. ಈ ಪ್ರಶ್ನೆಗಳು ಬಂದೇ ಬರುತ್ತವೆ ಎಂದುಕೊಂಡೇ ಮೊದಲ ದಿನದಿಂದ ಕೆಲಸ ಮಾಡಿಸಿದೆ.

ಅನುಮತಿಯ ವಿಷಯ ಮೊದಲು. ಲಾಫ್ಟ್ ವಾಸ ಹುಟ್ಟಿದ್ದೇ ಕಾನೂನಿನ ಅಂಚಿನಲ್ಲಿ. ನ್ಯೂಯಾರ್ಕಿನ ಸೋಹೋದಲ್ಲಿ ಖಾಲಿ ಬಿದ್ದ ಕಾರ್ಖಾನೆಯ ಅಂತಸ್ತುಗಳಿಗೆ ಕಲಾವಿದರು ಮೊದಲು ಸೇರಿಕೊಂಡರು. ಅವರು ಅಲ್ಲಿ ವಾಸಿಸುವುದಕ್ಕೆ ಮಾನ್ಯತೆ ಸಿಕ್ಕಿದ್ದು 1971ರಲ್ಲಿ, ಆ ಪ್ರದೇಶ ಪಾರಂಪರಿಕ ವಲಯವಾಗಿದ್ದು 1973ರಲ್ಲಿ. ಆದ್ದರಿಂದ ಹಳೇ ಗೋದಾಮು ಕೊಳ್ಳುವವರು ಅದು ವಾಸಕ್ಕೆ ಬದಲಾಗಿದೆಯೇ, ಹೊರಗೋಡೆ, ಕಿಟಕಿ, ಚಾವಣಿಗಳನ್ನು ಮುಟ್ಟಲು ಯಾರ ಒಪ್ಪಿಗೆ ಬೇಕು ಎಂಬುದನ್ನು ಬರಹದಲ್ಲಿ ನೋಡಿಯೇ ಮುಂದಿನ ಹೆಜ್ಜೆ ಇಡಬೇಕು. ಆ ಕಾಗದಗಳು ಕೈಗೆ ಬರುವವರೆಗೆ ನಾನು ಒಂದು ಮೊಳೆಯನ್ನೂ ಹೊಡೆಸಲಿಲ್ಲ.

ತೊಲೆಗಳನ್ನು ನಾನೇ ಬಡಗಿಯ ಜೊತೆ ನಿಂತು ನೋಡಿದೆ. ಮರದ ತೊಲೆ ನಡುವೆ ಕೆಡುವುದು ಕಡಿಮೆ, ಗೋಡೆಯೊಳಗೆ ಹುದುಗಿದ ತುದಿ ಮೊದಲು ಕೆಡುತ್ತದೆ. ಹೊರಗೋಡೆಯ ತೇವ ಅಲ್ಲಿಗೇ ತಲುಪುವುದು, ಗಾಳಿ ಆಡದಿರುವುದೂ ಅಲ್ಲೇ. ಬಡಗಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತುತ್ತ ಹೋದರು. ಗಟ್ಟಿ ಮರ ತುದಿಯನ್ನು ತಡೆಯುತ್ತದೆ. ಕೊಳೆತದ್ದು ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಮರಹುಳು ಕೊರೆದ ತೂತುಗಳೂ ಕಂಡವು, ಆದರೆ ಕೆಳಗೆ ಹೊಸ ಪುಡಿ ಉದುರಿರಲಿಲ್ಲ. ಅಂದರೆ ಹುಳು ಬಿಟ್ಟುಹೋಗಿ ಕಾಲವಾಗಿತ್ತು. ತೇವಮಾಪಕ ಶೇ. 20 ದಾಟಿ ತೋರಿಸಿದ ಕಡೆಗಳಲ್ಲೆಲ್ಲ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದೆವು. ಹೆಚ್ಚಿನವು ಚಾವಣಿಯಂಚಿನಲ್ಲಿ ಮಳೆನೀರು ಹರಿಯುವ ದೋಣಿಯ ಸೋರಿಕೆ. ಅದನ್ನು ಸರಿಮಾಡಿ, ಮರ ಒಣಗಲು ಬಿಟ್ಟು, ಕೆಟ್ಟ ತುದಿಗಳನ್ನಷ್ಟೇ ಕತ್ತರಿಸಿ ಹೊಸ ಮರ ಜೋಡಿಸಿದೆವು. ಎಂಜಿನಿಯರ್ ಲೆಕ್ಕ ಹಾಕಿ ಒಪ್ಪಿದ ಮೇಲೆಯೇ ಮುಚ್ಚಿದ್ದು. ಒಂದು ತುದಿಯ ಬಳಿ ಮಾತ್ರ ತೆಗೆದು ಹಾಕಬಹುದಾದ ಹಲಗೆ ಇಡಿಸಿದೆ, ಮುಂದೆ ಯಾರು ಬೇಕಾದರೂ ತೆರೆದು ನೋಡಲಿ ಎಂದು.

ಗೋಡೆಯ ವಿಚಾರದಲ್ಲಿ ಮೇಸ್ತ್ರಿಯವರಿಗೂ ನನಗೂ ಬಹಳ ಚರ್ಚೆ ನಡೆಯಿತು. “ಸಾರ್, ಸಂದಿಗೆಲ್ಲ ಸಿಮೆಂಟ್ ತುಂಬಿಬಿಡೋಣ, ನೂರು ವರ್ಷ ಅಲ್ಲಾಡಲ್ಲ” ಅಂದರು. “ಸಿಮೆಂಟ್ ಅಲ್ಲಾಡಲ್ಲ ಮೇಸ್ತ್ರಿ, ಇಟ್ಟಿಗೆ ಉದುರುತ್ತೆ” ಎಂದೆ. ಹಳೇ ಇಟ್ಟಿಗೆ ಮೆದು; ಗೋಡೆಗೆ ಸೇರಿದ ತೇವ ಸುಣ್ಣದ ಗಾರೆಯ ಸಂದಿನ ಮೂಲಕ ಆರಿಹೋಗುತ್ತದೆ. ಆ ದಾರಿಗೆ ಸಿಮೆಂಟ್ ತುಂಬಿದರೆ ತೇವ ಇಟ್ಟಿಗೆಯ ಮೈಯಿಂದಲೇ ಹೊರಬರಬೇಕು. ಜೊತೆಗೆ ಬಂದ ಉಪ್ಪು ಅಲ್ಲಿ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಹಪ್ಪಳದ ಹಾಗೆ ಎಬ್ಬಿಸುತ್ತದೆ. ಹಿಂದೆ ಯಾರೋ ಸಿಮೆಂಟ್ ಮೆತ್ತಿದ್ದ ಮೂಲೆಗೆ ಮೇಸ್ತ್ರಿಯವರನ್ನು ಕರೆದೊಯ್ದು ತೋರಿಸಿದೆ: ಸಂದಿನ ಸಿಮೆಂಟ್ ಉಬ್ಬಿ ನಿಂತಿತ್ತು, ಇಟ್ಟಿಗೆಗಳು ಒಳಕ್ಕೆ ಸವೆದಿದ್ದವು. ಅಲ್ಲಿ ಕೈಯಾಡಿಸಿದ ಮೇಲೆ ಅವರೇ ಸುಣ್ಣ ತರಿಸಿದರು. ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುವಂಥದ್ದು, ಬೇಗ ಒಣಗಲು ಬಿಡಬಾರದು. ಒದ್ದೆ ಗೋಣಿ ಹೊದಿಸಿ ಕಾಯ್ದೆವು. ಬಣ್ಣ ತೆಗೆಯಲು ಮರಳು ಚಿಮ್ಮಿಸುವ ಯಂತ್ರ ಬೇಡವೇ ಬೇಡ ಎಂದೆ. ಬೆಂಕಿಯಲ್ಲಿ ಬೆಂದ ಇಟ್ಟಿಗೆಯ ಗಟ್ಟಿ ಹೊರಪದರ ಹೋದರೆ ಮತ್ತೆ ಬರುವುದಿಲ್ಲ.

ಸದ್ದು ತಡೆಯುವ ಕೆಲಸ ಬೇಸರದ್ದು, ಆದರೆ ಮನೆಯ ನೆಮ್ಮದಿ ಅಲ್ಲೇ ಇದೆ. ಹಲಗೆಯ ನೆಲಕ್ಕೂ ಕೆಳಗಿನ ಕಟ್ಟಿಗೂ ನಡುವೆ ಮೆತ್ತನೆಯ ಪದರ ಹಾಸಿದೆವು. ಹೊಸ ನೆಲ ಗೋಡೆಗೆ ಎಲ್ಲೂ ತಾಗಬಾರದು. ಒಂದು ಕಡೆ ತಾಗಿದರೂ ಹೆಜ್ಜೆಯ ಸದ್ದು ಅಲ್ಲಿಂದ ಇಳಿದುಹೋಗುತ್ತದೆ. ಕೆಲಸ ಮುಗಿದ ಮೇಲೆ ಕೆಳಗಿನ ಮನೆಯವರ ಅನುಮತಿ ಕೇಳಿ ಅವರ ನಡುಮನೆಯಲ್ಲಿ ಕೂತೆ; ಸದ್ದು ಇಳಿಯುತ್ತದೆಯೇ ತಿಳಿಯಲೆಂದು ಮೇಲೆ ಹುಡುಗರಿಗೆ ಓಡಾಡಲು ಹೇಳಿದ್ದೆ.

ಮಲಗಲು ಒಂದು ಮಾಳಿಗೆ ಕಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಮೇಲೆ ಕೆಳಗೆ ತಲಾ 2.1 ಮೀಟರ್, ನೆಲದ ದಪ್ಪ ಕಾಲು ಮೀಟರ್ ಎಂದರೂ ಚಾವಣಿ ಸುಮಾರು 4.5 ಮೀಟರ್ ಇರಬೇಕು. ನನ್ನಲ್ಲಿ ಒಂದು ಪಕ್ಕಕ್ಕೆ ಮಾತ್ರ ಅಷ್ಟಿತ್ತು, ಅಲ್ಲಿ ಮಾತ್ರ ಕಟ್ಟಿಸಿದೆ. ಮೆಟ್ಟಿಲನ್ನು ಹಳೆಯದರ ನಕಲಾಗಿ ಮಾಡಿಸದೆ ಸರಳ ಉಕ್ಕಿನಲ್ಲಿ ಮಾಡಿಸಿದೆ. ಸ್ಮಾರಕಗಳ ಸಂರಕ್ಷಣೆಯ ಕುರಿತ 1964ರ ವೆನಿಸ್ ಸನ್ನದು ಹೊಸ ಸೇರ್ಪಡೆ ಹೊಸದೆಂದೇ ಕಾಣಬೇಕು ಎನ್ನುತ್ತದೆ. ಅದು ನನಗೆ ಮನಸಾರೆ ಒಪ್ಪಿಗೆಯಾದ ಮಾತು. ಒಳಗೋಡೆಗಳಿಲ್ಲದ ಇಂಥ ಬಯಲು ಮನೆಯಲ್ಲಿ ಮಾಳಿಗೆಯಿಂದ ಇಳಿಯುವ ದಾರಿ ಅಡುಗೆಯ ಜಾಗದ ಪಕ್ಕದಲ್ಲೇ ಹಾದುಹೋಗುವುದರಿಂದ, ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಹೊಗೆ ಎಚ್ಚರಿಕೆ ಗಂಟೆಗಳನ್ನು ಒಂದಕ್ಕೊಂದು ಜೋಡಿಸಿ ಹಾಕಿಸಿದೆ.

ಮಾರಾಟಕ್ಕಿಡುವಾಗ ವಿಸ್ತೀರ್ಣ ಹೇಗೆ ಹೇಳುತ್ತೇವೆ ಎಂಬುದರಲ್ಲೇ ನಂಬಿಕೆ ನಿಲ್ಲುತ್ತದೆ, ಇಲ್ಲವೇ ಒಡೆಯುತ್ತದೆ. ಇಳಿಜಾರು ಚಾವಣಿಯ ಕೆಳಗಿನ, ತಲೆ ಎತ್ತಲಾಗದ ಜಾಗವನ್ನು ಲೆಕ್ಕಕ್ಕೆ ಸೇರಿಸಿದರೆ ಅಂಕಿ ದೊಡ್ಡದಾಗುತ್ತದೆ, ನಿಜ. ಫ್ರಾನ್ಸಿನ 1996ರ ಕಾರೇ ಕಾನೂನು 1.80 ಮೀಟರಿಗಿಂತ ತಗ್ಗಾದ ಭಾಗವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ನೆಟ್ಟಗೆ ನಿಲ್ಲಬಹುದಾದ ಜಾಗ ಎಷ್ಟು, ತಗ್ಗಿನ ಜಾಗ ಎಷ್ಟು ಎಂದು ಬೇರೆಬೇರೆಯಾಗಿ ಬರೆದೆ. ಫೋಟೋಗಳನ್ನೂ ಕೋಣೆಯನ್ನು ಹಿಗ್ಗಿಸಿ ತೋರಿಸುವ ಲೆನ್ಸ್ ಇಲ್ಲದೆಯೇ ತೆಗೆಸಿದೆ.

ಪ್ರತಿ ಗೋಡೆ, ನೆಲ ಮುಚ್ಚುವ ಮೊದಲು ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿದ್ದೆ. ವೈರು, ಪೈಪು ಎಲ್ಲಿ ಹಾದುಹೋಗಿವೆ, ಯಾವ ತೊಲೆಗೆ ಹೊಸ ತುದಿ ಬಂದಿದೆ, ಗಾರೆಗೆ ಸುಣ್ಣ ಮರಳು ಎಷ್ಟೆಷ್ಟು ಬೆರೆಸಿದೆವು, ಎಲ್ಲವೂ ಒಂದು ಕಡತದಲ್ಲಿತ್ತು. ನೋಡಲು ಬಂದವರಿಗೆ ಮನೆ ತೋರಿಸುವ ಮೊದಲೇ ಅದನ್ನು ಕೈಗಿಡುತ್ತಿದ್ದೆ. ಕೊನೆಗೆ ಕೊಂಡ ದಂಪತಿ ತಮ್ಮದೇ ಎಂಜಿನಿಯರನ್ನು ಕರೆತಂದರು. ಆ ಎಂಜಿನಿಯರ್ ನಾನು ಇಡಿಸಿದ್ದ ಹಲಗೆ ತೆಗೆದು ತೊಲೆಯ ತುದಿಗೆ ತೇವಮಾಪಕ ಹಿಡಿದರು, ಫೋಟೋಗಳೊಡನೆ ಗೋಡೆಗಳನ್ನು ತಾಳೆ ನೋಡಿದರು. ಬೆಲೆಯ ಮಾತಿನಲ್ಲಿ ತೊಲೆ, ತೇವ, ಅನುಮತಿಗಳ ಪ್ರಸ್ತಾಪ ಬರಲೇ ಇಲ್ಲ. ಚೌಕಾಸಿ ನಡೆದದ್ದು ಉತ್ತರದ ಎರಡು ಹಳೇ ಕಿಟಕಿಗಳ ಬಗ್ಗೆ. ಅವನ್ನು ಬದಲಿಸುವ ಬದಲು ದುರಸ್ತಿ ಮಾಡಿಸುತ್ತೇವೆ ಎಂದು ದಂಪತಿ ಒಪ್ಪಿದರು, ಅದರ ಖರ್ಚನ್ನು ನಾನು ಬೆಲೆಯಲ್ಲಿ ಕಳೆದುಕೊಟ್ಟೆ.