ಕೋರ್ಟ್ ಕೇಸ್ ಮುಗಿಯಲಿ ಅಂತ ಕಾಯಬೇಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದ ಹಾಸನದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಗಂಡನಿಗೆ ಯಾರೋ ಚಾಕು ಹಾಕಿದ್ದಾರೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. "ಪರಿಹಾರಕ್ಕೆ ಅರ್ಜಿ ಹಾಕಿದ್ಯಾ?" ಅಂತ ಕೇಳಿದೆ. "ಇಲ್ಲ ಅಕ್ಕ, ಕೇಸ್ ಮುಗೀಲಿ ಅಂತ ಇದ್ದೀವಿ" ಅಂದಳು. ನನ್ನ ಮನೆಯವರಿಗೆ ಹೀಗೇ ಆದಾಗ ನಾನೂ ಇದೇ ಮಾತು ಆಡಿದ್ದೆ.

ಆಸ್ಪತ್ರೆ, ಪೊಲೀಸ್ ವಿಷಯ ನಿಮಗೆ ಗೊತ್ತೇ ಇದೆ. ಬೆನ್ನುಹುರಿಗೆಂದೇ ಇರುವ ಕೇಂದ್ರಕ್ಕೆ ಕಳಿಸಿ ಅಂತ ಮಾತ್ರ ಡಾಕ್ಟರನ್ನು ಬಿಡದೆ ಕೇಳಿ. ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಿಂದ ಅದೇ ಕೆಲಸ ನಡೆಯುತ್ತಿದೆ.

ಈಗ ದುಡ್ಡಿನ ವಿಷಯ. ಹಲ್ಲೆಗೆ ಒಳಗಾದವರಿಗೆ ಇಲ್ಲಿ ಸರ್ಕಾರವೇ ಪರಿಹಾರ ಕೊಡುತ್ತದೆ. ಕೊಡುವುದು ಕ್ರಿಮಿನಲ್ ಇಂಜುರೀಸ್ ಕಾಂಪೆನ್ಸೇಶನ್ ಅಥಾರಿಟಿ, ಅಂದರೆ ಸಿಐಸಿಎ. ಅರ್ಜಿಗೆ ಇರುವುದು ಘಟನೆಯ ದಿನದಿಂದ ಎರಡೇ ವರ್ಷ. ಗಡುವು ದಾಟಿದರೆ ತುಂಬಾ ವಿಶೇಷ ಕಾರಣ ಬೇಕು. ಹಲ್ಲೆ ಮಾಡಿದವನಿಗೆ ಶಿಕ್ಷೆ ಆಗಬೇಕಿಲ್ಲ, ಅವನು ಸಿಕ್ಕಿರಲೂ ಬೇಕಿಲ್ಲ. ಆದರೆ ಪೊಲೀಸರಿಗೆ ಬೇಗ ದೂರು ಕೊಟ್ಟಿರಬೇಕು. ನಮ್ಮ ವಿಷಯದಲ್ಲಿ ಪರಿಚಯದವರೊಬ್ಬರು "ತೀರ್ಪು ಬಂದರೆ ಜಾಸ್ತಿ ಸಿಗುತ್ತೆ" ಅಂದರು. ಊರಿನ ಕೋರ್ಟುಗಳನ್ನು ನೋಡಿ ಬೆಳೆದ ನಾವು ನಂಬಿದೆವು. ಅರ್ಜಿ ಹಾಕುವಾಗ ಗಡುವಿಗೆ ಹನ್ನೊಂದು ದಿನ ಉಳಿದಿತ್ತು. ಬೇಗ ಹಾಕಿದವರು ಮಧ್ಯಂತರ ಹಣವನ್ನಾದರೂ ಕೇಳಬಹುದು. ಆ ಎರಡು ವರ್ಷ ನಾವು ಸಾಲ ಮಾಡಿದೆವು. ಸ್ನಾನದ ಕೋಣೆ ಮಹಡಿಯ ಮೇಲೆ, ಇವರ ಮಂಚ ಕೆಳಗೆ ಹಾಲ್‌ನಲ್ಲಿ. ದಿನಾ ಬಕೆಟ್ಟಿನಲ್ಲಿ ನೀರು ತಂದು ಮೈ ಒರೆಸುತ್ತಿದ್ದೆ.

ವೀಸಾದಲ್ಲಿ ಇರುವವರಿಗೆ ಇದು ಸಿಗಲ್ಲ ಅಂತ ಅನೇಕರು ಸುಮ್ನೆ ಕೂರುತ್ತಾರೆ. ಹಲ್ಲೆ ಆದ ದಿನ ನೀವು ಮಾಮೂಲಾಗಿ ಇಲ್ಲೇ ವಾಸವಾಗಿದ್ದರೆ ಅರ್ಜಿ ಹಾಕಬಹುದು, ಪಾಸ್‌ಪೋರ್ಟ್ ಭಾರತದ್ದಾದರೂ ಸರಿ. ಅರ್ಜಿಗೆ ಶುಲ್ಕ ಇಲ್ಲ. ಪಾಲು ಕೇಳುವ ಏಜೆಂಟರ ಕೈಗೆ ಕೊಡಬೇಡಿ. ತಿರಸ್ಕಾರವಾದರೆ ಮರುಪರಿಶೀಲನೆ ಕೇಳಲು 56 ದಿನ ಇದೆ.

ಗರಿಷ್ಠ ಪರಿಹಾರ 5 ಲಕ್ಷ ಪೌಂಡ್. ಹಾಗಂತ ಹೋದ ಸಂಬಳ ಪೂರ್ತಿ ಬರುತ್ತದೆ ಅಂದುಕೊಳ್ಳಬೇಡಿ. ಮೊದಲ 28 ವಾರಕ್ಕೆ ಏನೂ ಇಲ್ಲ. ಆಮೇಲೆ ಕೊಡುವುದೂ ಕಾಯಿಲೆ ರಜೆಗೆ ಕಾನೂನು ನಿಗದಿ ಮಾಡಿದ ಸಿಕ್ ಪೇ ದರದಲ್ಲಿ. ನಮ್ಮಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪರಿಹಾರ ಇದೆ. ಕೋರ್ಟೇ ಶಿಫಾರಸು ಮಾಡಬಹುದು ಅನ್ನುವುದು ನನಗೆ ಅಲ್ಲಿನ ಒಳ್ಳೆಯ ಗುಣವಾಗಿ ಕಾಣುತ್ತದೆ. ಇಲ್ಲಿ ನೀವಾಗಿ ಕೇಳದಿದ್ದರೆ ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ.

ಇನ್ನೊಂದು ವಿಷಯ, ಹೆಂಡತಿಯರಿಗೆ. 2014ರ ಕೇರ್ ಆ್ಯಕ್ಟ್ ಪ್ರಕಾರ ನೋಡಿಕೊಳ್ಳುವವರ ಕಷ್ಟವನ್ನೂ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಬೇರೆಯಾಗಿ ಕೇಳಬೇಕು. ಅದಕ್ಕೆ ಕೇರರ್ಸ್ ಅಸೆಸ್‌ಮೆಂಟ್ ಅನ್ನುತ್ತಾರೆ. ಗಂಡನ ಸೇವೆಗೆ ಸಹಾಯ ಕೇಳುವುದೇ ಅಂತ ನಾನು ಒಂದು ವರ್ಷ ನಾಚಿಕೊಂಡೆ. ಕೊನೆಗೆ ಕೇಳಿದೆ. ಈಗ ವಾರಕ್ಕೆ ಎರಡು ಬೆಳಗ್ಗೆ ಒಬ್ಬರು ಬಂದು ಇವರಿಗೆ ಸ್ನಾನ ಮಾಡಿಸುತ್ತಾರೆ. ಆ ಎರಡು ದಿನ ಮಗಳನ್ನು ಸ್ಕೂಲಿಗೆ ನಾನೇ ನಡೆಸಿಕೊಂಡು ಹೋಗುತ್ತೇನೆ.